ಶನಿವಾರದ ಫಲಾಹಾರ

ಊಟ ಮಾಡಿ ದಪ್ಪಗಾದವರನ್ನು ನೀವು ನೋಡಿರಬಹುದು. ನಾನು ಉಪವಾಸ ಮಾಡಿ ದಪ್ಪಗಾದವಳು. ಇದು ನನಗೇ ಗೊತ್ತಾದದ್ದು ಈಚೆಗೆ, ಅದೂ ಕಣ್ಣಿನ ದೆಸೆಯಿಂದ.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೋಪರಖೈರಣೆಯ ನಮ್ಮ ಕಿಟಕಿಯಿಂದ ನೋಡಿದರೆ ಎದುರಿನ ಬಿಲ್ಡಿಂಗು ಗಂಜಿ ತಿಳಿಯಲ್ಲಿ ಅದ್ದಿಟ್ಟ ಹಾಗೆ ಕಾಣುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಯಾವುದು, ಕಾಳು ಯಾವುದು ತಿಳಿಯದು. ಸೊಸೆ ಒಂದು ದಿನ ನನ್ನ ಕೈಯಿಂದ ಮೊರ ತೆಗೆದುಕೊಂಡಳು. ಮೊರ ಹೋದ ಮೇಲೆ ಹೆಂಗಸಿಗೆ ಮನೆಯಲ್ಲಿ ಉಳಿಯುವುದು ಟೀವಿ ಒಂದೇ. ನನಗೆ ಅದೂ ಕಾಣುತ್ತಿರಲಿಲ್ಲ.

ಆಪರೇಶನ್ ಮಾಡಿ ಅಂತ ಹೋದರೆ ಕಣ್ಣಿನ ಡಾಕ್ಟರು, ಶುಗರ್ ಇಷ್ಟಿರುವಾಗ ನಾನು ಕಣ್ಣು ಮುಟ್ಟುವುದಿಲ್ಲ, ಮೊದಲು ಇಳಿಸಿಕೊಂಡು ಬನ್ನಿ ಅಂದರು. ಅಟ್ಟದ ಮೇಲಿನ ಪಾತ್ರೆ ಇಳಿಸಿಕೊಂಡು ಬಾ ಅನ್ನುವ ಹಾಗೆ.

ಹಾಗೆ ನಾನು ನೆರೂಳಿನ ಡಯಟೀಶಿಯನ್ ಹತ್ತಿರ ಹೋದದ್ದು. ಹಲ್ಲು ಉದುರಿದ ಮೇಲೆ ಉಣ್ಣುವುದು ಕಲಿಯಲಿಕ್ಕೆ ಟ್ಯೂಶನ್. ಮೊಮ್ಮಗಳು ದಿಶಾ ಕೈ ಹಿಡಿದು ಟ್ರೇನು ಹತ್ತಿಸಿದಳು. ಡಯಟೀಶಿಯನ್ ಅಂದರೆ ಒಬ್ಬ ಮರಾಠಿ ಹುಡುಗಿ, ದಿಶಾಳಿಗಿಂತ ಸ್ವಲ್ಪ ದೊಡ್ಡವಳು. ನನ್ನನ್ನು 'ಆಜಿ' ಅಂತ ಕರೆದು ಒಂದು ಚಾರ್ಟ್ ಕೊಟ್ಟಳು. ನಾನು ಕಲಿತದ್ದು ಮೂರನೇ ಕ್ಲಾಸು, ಕನ್ನಡವನ್ನೇ ಒತ್ತಿ ಒತ್ತಿ ಓದಬೇಕು. ದಿಶಾ ಓದಿ ಹೇಳಿದಳು: ಬೆಳಿಗ್ಗೆ ಓಟ್ಸು, ರಾತ್ರಿ ದಲಿಯಾ, ಅಂದರೆ ಗೋಧಿ ನುಚ್ಚು. ಓಟ್ಸು ತಿಂದು ನೋಡಿದೆ. ಅದು ಗೋಡೆಗೆ ಪೋಸ್ಟರು ಹಚ್ಚುವ ಅಂಟು. ಸಿನೆಮಾದವರಿಗೆ ಉಪಯೋಗ ಬಂದೀತು.

ಮುಂದಿನ ಸಲ ಹೋದಾಗ ಮುಖಕ್ಕೇ ಹೇಳಿದೆ, "ದೇಖೋ ಬೇಟಾ, ಯೇ ಮೈ ನಹೀ ಖಾಯೇಗೀ. ಕುರುಡಿಯಾಗಿ ಗಂಜಿ ಉಣ್ಣುತ್ತೇನೆ, ಅದೇ ವಾಸಿ." ದಿಶಾ ತಲೆ ತಗ್ಗಿಸಿ, "ಅಜ್ಜೀ, ಪ್ಲೀಜ್" ಅಂದಳು. ಹುಡುಗಿ ಮಾತ್ರ ಸಿಟ್ಟು ಮಾಡಲಿಲ್ಲ. ಚಾರ್ಟ್ ವಾಪಸು ತೆಗೆದುಕೊಂಡು, "ಛೋಡೋ ಆಜಿ. ನೀವು ಏನು ಉಣ್ಣುತ್ತೀರೋ ಅದನ್ನೇ ಹೇಳಿ, ಅದರಲ್ಲೇ ದಾರಿ ಮಾಡುವ" ಅಂದಳು. ನಾನು ಹೇಳಿದೆ: ಕುಚ್ಚಲಕ್ಕಿ ಗಂಜಿ, ಬಸಳೆ, ಮೀನು. ಕುಚ್ಚಲಕ್ಕಿ ಅವಳು ಕಂಡವಳಲ್ಲ. ಒಂದು ಮುಷ್ಟಿ ಅಕ್ಕಿ, ನಮ್ಮ ಮನೆಯ ಸೌಟು ಎರಡೂ ತರಿಸಿ ನೋಡಿದಳು. ಕೊನೆಗೆ ಒಪ್ಪಂದ ಆಯಿತು. ಗಂಜಿ ಒಂದು ಸೌಟು, ಪಲ್ಯ ಎರಡು ಸೌಟು, ಪಲ್ಯ ಮುಗಿಯದೆ ಗಂಜಿ ಮುಟ್ಟುವ ಹಾಗಿಲ್ಲ. ನನ್ನ ಅತ್ತೆಯೂ ಹೀಗೇ ಬಡಿಸುತ್ತಿದ್ದರು, ಅಕ್ಕಿ ಉಳಿಯಲಿ ಅಂತ. ಅವರನ್ನು ನಾವು ಜಿಪುಣಿ ಅಂತಿದ್ದೆವು. ಈಗ ಅದಕ್ಕೇ ಫೀಸು.

ದಿಶಾ ದಿನಾ ಬೆಳಿಗ್ಗೆ ನನ್ನ ಬೆರಳು ಚುಚ್ಚಿ ಮೆಶಿನ್ ನೋಡುವಳು. ಶುಗರ್ ಇಳಿಯುತ್ತಾ ಬಂತು. ಆದರೆ ಭಾನುವಾರ ಬಂತೆಂದರೆ ಪುನಃ ಮೇಲೆ. ಡಯಟೀಶಿಯನ್ ಹುಡುಗಿಗೆ ಅರ್ಥವಾಗದು, ನನಗೂ ಆಗದು. ಯಾಕೆಂದರೆ ಶನಿವಾರ ರಾತ್ರಿ ನನಗೆ ಉಪವಾಸ. ಗಂಡನಿಗೆ ಸೀಕು ಬಂದಾಗ ದೇವರಿಗೆ ಹೇಳಿಕೊಂಡದ್ದು. ಗಂಡ ಹೋದ, ಹರಕೆ ಉಳಿಯಿತು.

ನಮ್ಮ ಕಡೆಯ ಉಪವಾಸ ನಿಮಗೆ ಗೊತ್ತಿರಬೇಕು. ಅನ್ನ ಉಣ್ಣಬಾರದು, ಫಲಾಹಾರ ಮಾಡಬಹುದು. ಇದರಲ್ಲಿ ನಾವು ಮಾತ್ರ ಅಂತ ಅಲ್ಲ. ನಮ್ಮ ಮಹಡಿಯ ಮರಾಠಿಯವರು ಏಕಾದಶಿಗೆ ಸಾಬುದಾಣೆ, ಬಟಾಟೆ, ಶೇಂಗಾ ಹಾಕಿ ಖಿಚಡಿ ಮಾಡಿದರೆ ಮೆಟ್ಟಿಲ ತನಕ ತುಪ್ಪದ ಪರಿಮಳ. ಗುಜರಾತಿಯವರಿಗೆ ಉಪವಾಸಕ್ಕೆಂದೇ ಬೇರೆ ವೇಫರು. ಈ ಊರಿನಲ್ಲಿ ಉಪವಾಸ ಮಾಡಿ ಸೊರಗಿದ ಒಬ್ಬರನ್ನೂ ನಾನು ಕಂಡಿಲ್ಲ.

"ಆಜಿ, ಶನಿವಾರ ರಾತ್ರಿ ಏನೂ ತಿನ್ನುವುದಿಲ್ಲವಾ?" ಹುಡುಗಿ ಕೇಳಿದಳು.

"ಏನೂ ಇಲ್ಲ. ಬರೀ ಫಲಾಹಾರ."

"ಫಲ್? ಯಾವ ಹಣ್ಣು?"

ದಿಶಾ ಕಿಸಕ್ಕನೆ ನಕ್ಕಳು. "ಫಲ್ ನಹೀ ದೀದೀ, ನೀರ್ ದೋಸಾ. ಆರೇಳು. ಕಾಯಿ ಬೆಲ್ಲದ ಜೊತೆ. ಮೇಲೆ ಬಾಳೆಹಣ್ಣು."

"ಮತ್ತೆ ಖಾಲಿ ಹೊಟ್ಟೆಯಲ್ಲಿ ಮಲಗಬೇಕಾ?" ಅಂದೆ ನಾನು.

ಹುಡುಗಿ ಪೆನ್ನು ಕೆಳಗಿಟ್ಟಳು. "ಆಜಿ, ನೀರ್ ದೋಸೆ ಯಾವುದರಿಂದ ಮಾಡುವುದು?"

ಅಕ್ಕಿಯಿಂದ ಅಂತ ಬಾಯಿಗೆ ಬಂತು. ಅನ್ನ ಬಿಡುತ್ತೇನೆ ಅಂತ ದೇವರಿಗೆ ಹೇಳಿ, ಅದೇ ಅಕ್ಕಿಯನ್ನು ನೆನೆಸಿ, ರುಬ್ಬಿ, ಕಾವಲಿಗೆ ಹೊಯ್ದು ತಿಂದದ್ದು ಎಷ್ಟು ಶನಿವಾರ! ರುಬ್ಬಿದರೆ ದೇವರಿಗೆ ಗುರುತು ಸಿಗುವುದಿಲ್ಲ ಅಂತ ನಾವು ತಿಳಿದುಕೊಂಡಿದ್ದೇವಾ? ಶುಗರ್ ಮೆಶಿನ್ನಿಗೆ ಗುರುತು ಸಿಕ್ಕಿತು. ಹುಡುಗಿ ಬೈಯಲಿಲ್ಲ. "ನನ್ನ ಆಯಿ ಕೂಡಾ ಹೀಗೇ, ಆಜಿ. ಅವಳಿಗೆ ಹೇಳಲಿಕ್ಕೆ ನನಗೆ ಧೈರ್ಯ ಇಲ್ಲ" ಅಂದಳು. ನನಗೆ ಹೇಳಲಿಕ್ಕೆ ಧೈರ್ಯ ಇತ್ತು, ನೋಡಿ.

ಹರಕೆ ಬಿಡಿ ಅಂತ ಅವಳು ಹೇಳಲಿಲ್ಲ, ಹೇಳಿದ್ದರೆ ನಾನು ಎದ್ದು ಬರುತ್ತಿದ್ದೆ. ಶನಿವಾರ ರಾತ್ರಿಗೆ ಬೇಯಿಸಿದ ಹೆಸರುಕಾಳು ಒಂದು ಬಟ್ಟಲು, ಮಜ್ಜಿಗೆ ಒಂದು ಲೋಟ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದೆವು. ಸೊಸೆಗೆ ನಂಬಿಕೆ ಇರಲಿಲ್ಲ. "ಅತ್ತೆ, ನಿಮ್ಮಿಂದ ಆಗುವ ಕೆಲಸವಾ ಇದು?" ಅಂದಳು. ಆ ಒಂದು ಮಾತಿಗೇ ನಾನು ಮಾಡಿದ್ದು.

ಶುಗರ್ ಇಳಿಯಿತು. ಡಾಕ್ಟರು ಕಣ್ಣು ಮುಟ್ಟಿದರು, ಒಂದರ ನಂತರ ಇನ್ನೊಂದು. ಪಟ್ಟಿ ಬಿಚ್ಚಿದ ಮೇಲೆ ಎಲ್ಲರೂ ಕೇಳಿದರು, ಹೇಗೆ ಕಾಣುತ್ತದೆ ಅಂತ. ಅಡುಗೆಮನೆಯ ಗೋಡೆ ಕಂಡಿತು, ಎಣ್ಣೆ ಜಿಡ್ಡು. ಹೇಳಿದೆ. ಸೊಸೆ ಮೊರ ತಂದು ನನ್ನ ಮುಂದೆ ಕುಕ್ಕಿದಳು.

ಈಗ ಶನಿವಾರ ರಾತ್ರಿ ನನಗೆ ಹಸಿವಾಗುತ್ತದೆ. ಉಪವಾಸ ಅಂದರೆ ಹಸಿವು ಅಂತ ಈ ಪ್ರಾಯಕ್ಕೆ ಮೊದಲ ಸಲ ತಿಳಿಯಿತು. ಪುಣ್ಯ ಗಿಣ್ಯ ನನಗೆ ಗೊತ್ತಿಲ್ಲ. ಹೊಸ ಕಣ್ಣಿಗೆ ಗೋಡೆಯ ಗಡಿಯಾರದ ಚಿಕ್ಕ ಮುಳ್ಳು ಕೂಡಾ ಚೆನ್ನಾಗಿ ಕಾಣುತ್ತದೆ. ಭಾನುವಾರ ಬೆಳಗಾಗಲಿಕ್ಕೆ ಇನ್ನೆಷ್ಟು ಹೊತ್ತು ಅಂತ ನೋಡುತ್ತಾ ಕೂತಿರುತ್ತೇನೆ.