ಕಲ್ಲು ಕೊರೆಯುವವನ ಪತ್ಯ

ನಮ್ಮ ಎದುರುಮನೆಯವನು ಯಳಂದೂರು ಕಡೆ ಕರಿಕಲ್ಲು ಕ್ವಾರೆಯಲ್ಲಿ ಕಲ್ಲು ಕೊರೆದು ಧೂಳು ನುಂಗಿದವನು. ಮಾತಾಡುವ ಮುಂಚೆ ಎರಡೂ ಕೈ ಮಂಡಿಗೆ ಊರಿ ಉಸಿರು ಕೂಡಿಸಿಕೊಳ್ಳುತ್ತಿದ್ದ. ಕೊಳ್ಳೇಗಾಲದ ಡಾಕ್ಟರ ಹತ್ತಿರ ಜೊತೆಗೆ ಹೋದವಳು ನಾನೇ. ‘ಶ್ವಾಸಕೋಶ ಗಟ್ಟಿಯಾಗಿದೆ. ಹೋದದ್ದು ಬರಲ್ಲ. ಉಳಿದದ್ದು ಬೇಗ ಹೋಗದಿರಲಿ ಅಂತ ಈ ಮಾತ್ರೆ. ಹೊಟ್ಟೆ ತುಂಬ ಉಂಡು ನುಂಗಬೇಕು’ ಅಂದರು.

ಅವನು ಕೇಳಲಿಲ್ಲ. ಅವರಪ್ಪ ನಾಟಿಮದ್ದು ಕುಡಿಯುತ್ತಿದ್ದ ಹಾಗೆ ಮುಖ ತೊಳೆದು, ಪೂರ್ವಕ್ಕೆ ತಿರುಗಿ, ಬರೀ ಹೊಟ್ಟೆಗೆ ನುಂಗೋನು. ಆಮೇಲೆ ಗಂಜಿನೀರು ಅಷ್ಟೇ. ಮೋರಿ ಹತ್ತಿರ ಕೂತು ಕಕ್ಕೋನು.

‘ಮೊದ್ಲು ಮುದ್ದೆ ಉಣ್ಣು ಕಣ್ಲಾ,’ ಅಂದೆ.

‘ಮದ್ದು ಅಂದ್ಮೇಲೆ ಪತ್ಯ ಇರ್ಬೇಕು ಕಣಕ್ಕ.’ ಯಾವಾಗಲೂ ಇದೇ ಮಾತು.

‘ಡಾಕ್ಟ್ರು ಉಣ್ಣು ಅಂದವ್ರೆ.’

‘ನೀನ್ ಯಾವಾಗ ಡಾಕ್ಟ್ರಾದೆ?’

ಕೊನೆಗೆ ಮಾತ್ರೆಯೇ ವಿಷ ಅಂತ ಬಿಟ್ಟುಬಿಟ್ಟ. ಡಾಕ್ಟರಿಗೂ ಹೇಳಲಿಲ್ಲ. ಮುಂದಿನ ಬೇಸಿಗೆಗೆ ಜಗಲಿಗೆ ಬರಲೂ ಆಗಲಿಲ್ಲ. ಆಗ ಒಪ್ಪಿದ.

‘ಮುದ್ದೆ ತತ್ತಾ ಅಕ್ಕ, ಉಂಡೇ ನುಂಗ್ತೀನಿ.’

ಮುರಿದು, ಸಾರಲ್ಲಿ ಅದ್ದಿ, ಬಾಯಿಗಿಟ್ಟೆ. ನುಂಗುವಷ್ಟು ಉಸಿರು ಇರಲಿಲ್ಲ. ತುತ್ತು ಹಾಗೇ ಈಚೆಗೆ ಬಂತು.