ಅಜ್ಜಿ ಕೋಟೆಗೆ ಮರಳಿಸಿದ ಕಲ್ಲು

ಇವತ್ತು ರಾಯಬಾಗದ ಹತ್ತಿರದ ನಮ್ಮೂರಿನ ಹಳೆಯ ಗಡಿಕೋಟೆಗೆ ಸುಣ್ಣದ ಗಾರೆ ಹಚ್ಚುತ್ತಿದ್ದರು. ಆ ವಾಸನೆಗೆ ಅಜ್ಜಿ ನೆನಪಾದಳು.

ನಾನು ಚಿಕ್ಕವಳಿದ್ದಾಗ ಊರವರೆಲ್ಲ ಕೋಟೆಯ ಕಲ್ಲು ಕಿತ್ತು ದನದ ಕೊಟ್ಟಿಗೆ ಕಟ್ಟುತ್ತಿದ್ದರು. ಅಪ್ಪನೂ ಒಂದು ಚಕ್ಕಡಿ ತುಂಬ ತಂದ. ಅಜ್ಜಿ ಒಂದು ಕಲ್ಲಿಗಂಟಿದ್ದ ಸುಣ್ಣದ ಪುಡಿಯನ್ನು ಸೆರಗಿನಿಂದ ಒರೆಸಿದಳು. ಕಲ್ಲಲ್ಲಿ ಕೊರೆದ ಹುಲಿ-ಕುರಿ ಆಟದ ಗೆರೆಗಳು ಕಂಡವು.

“ಗಡಿ ಕಾಯೋ ಸಿಪಾಯಿಗಳು ಆಡಿದ್ದೋ ಯಪ್ಪಾ. ಅವ್ರೂ ಮನಿ ಬಿಟ್ಟು ಬಂದಿದ್ರು. ಇದನ್ನ ದನದ ಕಾಲಾಗ ಹಾಕಬ್ಯಾಡ.”

“ಊರೆಲ್ಲಾ ಒಯ್ಯಾಕತ್ತೈತಲ್ಲಬೇ,” ಎಂದ ಅಪ್ಪ.

“ಊರು ಒಯ್ಲಿ. ನಾವು ಇಟ್ಟು ಬರೂಣು.”

ಅಪ್ಪ ಗೊಣಗುತ್ತಲೇ ಚಕ್ಕಡಿ ತಿರುಗಿಸಿದ. ದಾರಿಯಲ್ಲಿ ಜನ ನಕ್ಕರು. ಅಜ್ಜಿ ಕಲ್ಲುಗಳ ಮೇಲೆ ನೆಟ್ಟಗೆ ಕುಳಿತಿದ್ದಳು. ಮರುವಾರ ಪಕ್ಕದ ಮನೆಯವರೂ ತಮ್ಮ ಕಲ್ಲುಗಳನ್ನು ಹೊತ್ತು ಕೋಟೆಯತ್ತ ಹೊರಟರು.

ಇವತ್ತಿನ ದುರಸ್ತಿಗೆ ಆ ಮನೆಯ ಮೊಮ್ಮಗಳೇ ಇಂಜಿನಿಯರ್. “ಬರ್ರಿ ಅಕ್ಕಾರ, ನೀವೂ ಕೈ ಹಚ್ರಿ,” ಎಂದಳು. ನಾನು ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಗಾರೆ ಕೆಲಸಕ್ಕೆ ಇಳಿದೆ.