ಮೊದಲು ಜಾಗ

ಕಾಲೇಜಿನ ಭದ್ರತಾ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ತುರ್ತು ಫೋನ್ ಎತ್ತಿದ ಅಕ್ಕ ಮಂಗಳವಾರ ತೀರಿಕೊಂಡರು. ಹೃದಯಾಘಾತ. ನಿವೃತ್ತಿಗೆ ಒಂಬತ್ತು ದಿನ ಬಾಕಿ ಇತ್ತು.

ವಿದ್ಯಾರ್ಥಿಗಳ ಬಾಯಲ್ಲಿ ಅವರು 'ಎಲ್ಲಿದ್ದೀಯಕ್ಕ'. ಸೈಕಲ್ ಕಳುವಾಗಿರಲಿ, ಹೊಡೆದಾಟವಾಗಿರಲಿ, ಹಾಸ್ಟೆಲಿನಲ್ಲಿ ಯಾರೋ ತಲೆತಿರುಗಿ ಬಿದ್ದಿರಲಿ, ಫೋನ್ ಎತ್ತಿದವರೇ ಕೇಳುತ್ತಿದ್ದುದು "ಎಲ್ಲಿದ್ದೀಯ?" ಎಂದು. ಈ ಚಾಳಿ ಮನೆಯವರೆಗೂ ಹೋಗಿತ್ತು. ಒಮ್ಮೆ ಯಜಮಾನರು ಕರೆದಾಗ ಅಕ್ಕ ತಿರುಗಿಯೂ ನೋಡದೆ, "ಎಲ್ಲಿದ್ದೀರಿ?" ಎಂದರಂತೆ.

"ನಿನ್ನ ಬೆನ್ನ ಹಿಂದೇನೇ ಇದ್ದೀನಿ ಕಣೇ. ಕಳ್ಳತನ ಆಗಿಲ್ಲ, ಬೆಂಕಿ ಬಿದ್ದಿಲ್ಲ. ಒಂದು ಲೋಟ ಚಹಾ ಸಿಗುತ್ತಾ?"

ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಮೂರನೇ ತಿಂಗಳು, ಒಂದು ಮಧ್ಯಾಹ್ನ, ಪ್ರಯೋಗಾಲಯದ ಸಹಾಯಕರೊಬ್ಬರು ಕೆಮ್ಮುತ್ತಾ ಫೋನ್ ಮಾಡಿದರು. ಅಕ್ಕನ ಮುಂದೆ ಅಚ್ಚುಹಾಕಿಸಿದ ದೂರಿನ ನಮೂನೆ ಇತ್ತು. ಮೊದಲು ಹೆಸರು, ಆಮೇಲೆ ಗುರುತಿನ ಸಂಖ್ಯೆ, ವಿಭಾಗ; ಸ್ಥಳ ನಾಲ್ಕನೆಯದು. ಅಕ್ಕ ಅದೇ ಕ್ರಮದಲ್ಲಿ ಕೇಳಿದರು. ಸಹಾಯಕರು ಹೆಸರು ಹೇಳಿದರು, ಸಂಖ್ಯೆ ಅರ್ಧ ಹೇಳಿದರು, ದನಿ ನಿಂತಿತು. ಹೆಸರಿನಿಂದ ಪ್ರಯೋಗಾಲಯದವರೆಂದು ತಿಳಿಯಿತೇ ಹೊರತು ಹನ್ನೊಂದರಲ್ಲಿ ಯಾವ ಪ್ರಯೋಗಾಲಯವೆಂದು ತಿಳಿಯಲಿಲ್ಲ. ಕಾವಲಿನವರು ಒಂದೊಂದೇ ಬಾಗಿಲು ಬಡಿಯುತ್ತಾ ಹೋದರು. ಚೆಲ್ಲಿದ ಆಮ್ಲದ ನಡುವಿನಿಂದ ಅವರನ್ನು ಎತ್ತಿ ತಂದಾಗ ಜೀವ ಉಳಿದಿತ್ತು, ಎಡಗಣ್ಣು ಉಳಿದಿರಲಿಲ್ಲ.

"ನನ್ನ ಹೆಸರನ್ನಂತೂ ತಪ್ಪಿಲ್ಲದೆ ಬರ್ಕೊಂಡ್ರಲ್ಲ, ಬಿಡಿ," ಎಂದು ಆಸ್ಪತ್ರೆಯಲ್ಲಿ ಅವರು ತಮಾಷೆ ಮಾಡಿದರು. ಬೈದಿದ್ದರೂ ಅಕ್ಕನಿಗೆ ಅಷ್ಟು ನಾಟುತ್ತಿರಲಿಲ್ಲವೇನೋ.

ಅಂದಿನಿಂದ ಮೊದಲು ಜಾಗ, ಆಮೇಲೆ ಏನಾಯಿತು, ಜನ ತಲುಪುವವರೆಗೆ ಫೋನ್ ಇಡಬೇಡಿ ಎಂಬ ಮಾತು. ಹೆಸರು ಎಲ್ಲಕ್ಕಿಂತ ಕೊನೆಗೆ. ಎಷ್ಟೋ ಸಲ ಆ ಕಾಲಂ ಖಾಲಿಯೇ ಉಳಿಯುತ್ತಿತ್ತು. ಮೇಲ್ವಿಚಾರಕರು ಮೆಮೊ ಹಿಡಿದು ಬಂದರು.

"ಏನಮ್ಮಾ ಇದು, ಈ ತಿಂಗಳು ಏಳು ದೂರಿಗೆ ಹೆಸರೇ ಇಲ್ಲ?"

"ಏಳು ಜನಾನೂ ಬದುಕಿದ್ದಾರೆ ಸರ್. ಹೋಗಿ ಕೇಳ್ಕೊಂಡು ಬರ್ತೀನಿ."

ನಮೂನೆಯಲ್ಲಿ ಸ್ಥಳವನ್ನು ಮೇಲಕ್ಕೆ ತನ್ನಿ ಎಂದು ಅಕ್ಕ ಪ್ರತಿವರ್ಷ ಅರ್ಜಿ ಕೊಡುತ್ತಿದ್ದರು. ಇರುವ ಪ್ರತಿಗಳು ಮುಗಿಯಲಿ ಎಂದು ಪ್ರತಿವರ್ಷವೂ ಉತ್ತರ. ಪ್ರತಿಗಳು ಮುಗಿಯಲಿಲ್ಲ, ಅಕ್ಕನ ಸರ್ವಿಸು ಮುಗಿಯುತ್ತಾ ಬಂತು. ಅವರ ಜಾಗಕ್ಕೆ ಪರೀಕ್ಷಾ ವಿಭಾಗದ ಗುಮಾಸ್ತೆಯೊಬ್ಬರು ವರ್ಗವಾಗಿ ಬಂದರು. ಹದಿನೈದು ವರ್ಷ ಅರ್ಜಿಗಳನ್ನು ಮೇಲಿನಿಂದ ಕೆಳಕ್ಕೆ ತುಂಬಿದ ಕೈ ಅದು.

"ಅಕ್ಕಾ, ಮೇಲಿನ ಕಾಲಂ ಖಾಲಿ ಬಿಟ್ಟು ಬರೆಯೋಕೆ ನನಗೆ ಕೈಯೇ ಬರಲ್ಲ."

"ಕೈ ಹಾಳಾಗ್ಲಿ. ಬಾಯಲ್ಲಿ ಜಾಗ ಮೊದಲು ಬರ್ಲಿ."

"ನಾಳೆ ಮೆಮೊ ಬಂದ್ರೆ ಉತ್ತರ ಕೊಡೋಕೆ ನೀವು ಬರ್ತೀರಾ?"

ಸೋಮವಾರವೂ ಗುಮಾಸ್ತೆ ಎರಡು ಕರೆಗಳಲ್ಲಿ ಹೆಸರನ್ನೇ ಮೊದಲು ಕೇಳಿದರು. ಸಂಜೆ ಬಸ್ಸಿಗೆ ಕಾಯುವಾಗ ಅಕ್ಕ ಗೆಳತಿಯೊಬ್ಬರ ಹತ್ತಿರ, "ಒಬ್ಬಳಿಗೆ ಕಲಿಸೋಕಾಗ್ಲಿಲ್ಲ ನೋಡು. ನಾನು ಹೋದ್ಮೇಲೆ ಮತ್ತೆ ಹನ್ನೊಂದು ಬಾಗಿಲು," ಎಂದಿದ್ದರು.

ಮಂಗಳವಾರ ಹನ್ನೊಂದು ಗಂಟೆಗೆ ಪುಸ್ತಕ ಹಿಂದಿರುಗಿಸಲೆಂದು ಗ್ರಂಥಾಲಯಕ್ಕೆ ಹೋದರು. ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಳಿತರು. ಇಷ್ಟು ವರ್ಷ ತಾವೇ ಎತ್ತುತ್ತಿದ್ದ ಫೋನಿಗೆ ತಮ್ಮ ಮೊಬೈಲಿನಿಂದ ಕರೆ ಮಾಡಿದರು. ದನಿ ತೀರಾ ಕುಗ್ಗಿತ್ತು. ಗುಮಾಸ್ತೆಗೆ ಯಾರೆಂದು ಗುರುತು ಹತ್ತಲಿಲ್ಲ.

"ಎಲ್ಲಿದ್ದೀರಿ?" ಎಂದು ಆಕೆ ಕೇಳಿದರು.

"ಗ್ರಂಥಾಲಯ. ಹಿಂದಿನ ಮೆಟ್ಟಿಲು. ಎರಡನೇ ಮಹಡಿ."

"ಏನಾಯ್ತು?"

"ಎದೆನೋವು."

"ಜನ ಹೊರಟ್ರು. ಅವರು ಬರೋವರೆಗೂ ಫೋನ್ ಇಡಬೇಡಿ."

ಆ ಕರೆಯ ನಮೂನೆಯಲ್ಲಿ ಹೆಸರಿನ ಕಾಲಂ ಇನ್ನೂ ಖಾಲಿ ಇದೆ. ಕಾವಲಿನವರು ಮೂರು ನಿಮಿಷಕ್ಕೆ ಮೆಟ್ಟಿಲು ತಲುಪಿದರು. ಅಲ್ಲಿಯವರೆಗೆ ಅಕ್ಕ ಫೋನ್ ಇಡಲಿಲ್ಲ.